ನಾವು ಪಾಠಕ್ಕೆ ಸೇರಿದ್ದು

ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಮನುಷ್ಯ ಹೊಸದಾಗಿ ಸೇರಬಹುದಾದ ಸಂಸ್ಥೆಗಳು ಬಹಳವಿಲ್ಲ. ಬೆಳಗಿನ ವಾಯುಸೇವನೆಯ ಮಿತ್ರಮಂಡಳಿ ಒಂದು. ನಿವೃತ್ತ ನೌಕರರ ಸಂಘ ಇನ್ನೊಂದು. ದೇವಸ್ಥಾನದ ಜೀರ್ಣೋದ್ಧಾರ ಸಮಿತಿ ಮೂರನೆಯದು. ಆಸ್ಪತ್ರೆಯೂ ಉಂಟು, ಆದರೆ ಅದಕ್ಕೆ ನಾವಾಗಿ ಅರ್ಜಿ ಹಾಕುವ ಶ್ರಮವಿಲ್ಲ. ಹೀಗಿರುವಾಗ, 2024ರ ಶ್ರಾವಣ ಮಾಸದಲ್ಲಿ ನಾನು ನಮ್ಮ ಆನೆಕೊಂಡದ ಸಂಗೀತ ನೃತ್ಯ ಶಾಲೆಗೆ ವಿದ್ಯಾರ್ಥಿಯಾಗಿ ಸೇರಿದೆನೆಂದರೆ ಓದುಗರಿಗೆ ನಗು ಬರುವುದು ಸಹಜ. ನಗಬಹುದು. ನಮ್ಮ ಬೀದಿಯವರು ಆಗಲೇ ನಕ್ಕು ಮುಗಿಸಿ ಬೇರೆ ವಿಷಯಕ್ಕೆ ಹೋಗಿದ್ದಾರೆ.

ಸಂಗೀತಕ್ಕೂ ನನಗೂ ಇರುವ ಸಂಬಂಧವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ತಂದೆ ಇಲ್ಲಿನ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಆಗ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಈಗ ಆ ಗಿರಣಿಗಳು ಒಂದೊಂದಾಗಿ ಮುಚ್ಚಿಹೋಗಿ, ಆ ಬಿರುದನ್ನು ಬೆಣ್ಣೆದೋಸೆ ಕಸಿದುಕೊಂಡಿದೆ. ನನ್ನ ಬಾಲ್ಯದಲ್ಲಿ ಶ್ರುತಿ ಎಂದರೆ ಗಿರಣಿಯ ಕೂಗು. ತಾಳ ಎಂದರೆ ರಾತ್ರಿ ಪಾಳಿ ಮುಗಿಸಿ ಬರುವ ಸೈಕಲ್ಲುಗಳ ಗಂಟೆ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಜಾತ್ರೆಯ ಹೊತ್ತಿಗೆ ನಾಟಕದ ಕಂಪನಿ ಬಂದರೆ ಆಗ ಒಂದಿಷ್ಟು ಹಾರ್ಮೋನಿಯಂ ಕಿವಿಗೆ ಬೀಳುತ್ತಿತ್ತು. ಚಿಂದೋಡಿ ವೀರಪ್ಪನವರ ಕಂಪನಿ ಈ ಊರಿನದೇ ಅಲ್ಲವೆ? ಆದರೆ ನಾವು ಹುಡುಗರು ಕಾಯುತ್ತಿದ್ದುದು ಹಾಡಿಗಲ್ಲ, ಹಾಸ್ಯದ ಪಾತ್ರಕ್ಕೆ. ಮುಂದೆ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಕಡತಗಳ ನಡುವೆ ಮೂವತ್ತಾರು ವರ್ಷ ಕಳೆದು, 2020ರಲ್ಲಿ ನಿವೃತ್ತನಾದೆ. ಇಷ್ಟರಲ್ಲಿ ಎಲ್ಲಿಯೂ ಸಪ್ತಸ್ವರಗಳಿಗೆ ನನ್ನಿಂದ ಉಪದ್ರವವಾಗಿರಲಿಲ್ಲ.

ಪಾಠಕ್ಕೆ ಸೇರಬೇಕೆಂದವಳು ನನ್ನಾಕೆ. ಅವಳ ತವರು ಗದಗು. ಗದಗಿನಲ್ಲಿ ಹುಟ್ಟಿದವರಿಗೆ ಸಂಗೀತ ಬರುತ್ತದೆಯೋ ಇಲ್ಲವೋ, ಸಂಗೀತದ ಬಗ್ಗೆ ಅಭಿಮಾನ ಮಾತ್ರ ತಪ್ಪದೆ ಬರುತ್ತದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ. 1892ರಿಂದ 1944ರವರೆಗೆ ಬದುಕಿದ್ದ ಆ ಮಹಾನುಭಾವರಿಗೆ ಕಣ್ಣಿರಲಿಲ್ಲ. ತಾವು ಅಂಧರಾಗಿದ್ದು ಅಂಧರಿಗೂ ಅನಾಥರಿಗೂ ಅನ್ನವಿಕ್ಕಿ ವಿದ್ಯೆ ಕೊಟ್ಟರು. ಹಿಂದುಸ್ತಾನಿ, ಕರ್ನಾಟಕ ಎರಡನ್ನೂ ಸಾಧಿಸಿದ್ದರಿಂದ ಉಭಯಗಾನ ವಿಶಾರದರೆಂದು ಹೆಸರಾದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸವನ್ನು ನಡೆಸಿದರು. ನಮ್ಮ ದಾವಣಗೆರೆಯಲ್ಲಿಯೂ ಪುಣ್ಯಾಶ್ರಮದ ಶಾಖೆಯಿದೆ. ನನ್ನಾಕೆ ಆಶ್ರಮದ ವಿದ್ಯಾರ್ಥಿಯಲ್ಲ. ಆದರೆ ಜಾತ್ರೆಯ ರಾತ್ರಿಗಳಲ್ಲಿ ಅಲ್ಲಿ ಕಂಬಕ್ಕೊರಗಿ ಕುಳಿತು ಹಾಡು ಕೇಳಿ ಬೆಳೆದವಳು. ಅವರ ಓಣಿಯ ಗವಾಯಿಗಳೊಬ್ಬರು ಮನೆಗೆ ಬಂದು ಎರಡು ವರ್ಷ ಪಾಠ ಹೇಳಿದ್ದರು. ಅಲಂಕಾರಗಳಾಗಿ, ಭೂಪ ರಾಗವಾಗಿ, ಯಮನಕ್ಕೆ ಕಾಲಿಡುವ ಹೊತ್ತಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ ಪರೀಕ್ಷೆಗೆ ಹಣವನ್ನೂ ಕಟ್ಟಿದ್ದಾಯಿತು. ಅಷ್ಟರಲ್ಲಿ ನಾನು ಹೆಣ್ಣು ನೋಡಲು ಹೋದೆ. ಇದು 1983ರ ಮಾತು. ಪರೀಕ್ಷೆಯ ವಾರದಲ್ಲಿಯೇ ಮುಹೂರ್ತ ಬಂತು. ಮಾವನವರು, “ಅಳಿಯಂದಿರ ಊರಾಗ ಮುಂದಿನ ವರ್ಷ ಕಟ್ಟಿದರಾತು” ಎಂದು ಮಗಳಿಗೆ ಸಮಾಧಾನ ಹೇಳಿ, ಪಾತ್ರೆ ಪಗಡಿಯ ಜೊತೆಗೆ ಒಂದು ಹಾರ್ಮೋನಿಯಂ ಪೆಟ್ಟಿಗೆಯನ್ನೂ ಕೊಟ್ಟು ಕಳಿಸಿದರು.

ಆ ಮುಂದಿನ ವರ್ಷ ಬರುವುದಕ್ಕೆ ನಲವತ್ತೊಂದು ವರ್ಷ ಹಿಡಿಯಿತು.

ಆನೆಕೊಂಡವನ್ನು ಕಾಣದವರಿಗೆ ಎರಡು ಮಾತು. ಒಂದು ಕಾಲಕ್ಕೆ ಇದು ದಾವಣಗೆರೆಯ ಹೊರಗಿದ್ದ ಹಳ್ಳಿ. ಈಗ ನಗರವೇ ಬಂದು ಇದನ್ನು ಮಡಿಲಿಗೆ ಹಾಕಿಕೊಂಡಿದೆ. ಚಾಲುಕ್ಯ ಶೈಲಿಯ ಹಳೆಯ ಈಶ್ವರ ದೇವಾಲಯವೊಂದಿದೆ, ಬಸವೇಶ್ವರನ ಗುಡಿಯಿದೆ. ಶ್ರಾವಣದಲ್ಲಿ ಬಸವೇಶ್ವರನ ಕಾರಣಿಕ ನಡೆಯುತ್ತದೆ. ಮಳೆ ಬೆಳೆ ಹೇಗೆ, ರಾಜಕೀಯ ಹೇಗೆ ಎಂದು ಜನ ಕಾರಣಿಕದ ನುಡಿಗೆ ತಮಗೆ ಬೇಕಾದ ಅರ್ಥ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಆ ವರ್ಷ ಕಾರಣಿಕ ಕೇಳಿ ಬರುವಾಗಲೇ ಒಂದು ಕಟ್ಟಡದ ಮಹಡಿಯಿಂದ ತಬಲದ ಸದ್ದು ಬಂತು. ನನ್ನಾಕೆ ನಿಂತಳು. ಗೋಡೆಯ ಮೇಲೆ ಫಲಕ: ಗಾಯನ, ತಬಲ, ಭರತನಾಟ್ಯ, ವಯಸ್ಸಿನ ಮಿತಿಯಿಲ್ಲ.

“ವಯಸ್ಸಿನ ಮಿತಿಯಿಲ್ಲ ಅಂತ ಬರದಾರ್ರೀ,” ಎಂದಳು.

“ಐದು ವರ್ಷದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ ಅಂತ ಅದರ ಅರ್ಥ,” ಎಂದೆ ನಾನು. ಗುಮಾಸ್ತನಿಗೆ ನಿಯಮದ ಅರ್ಥವನ್ನು ಕಿರಿದುಮಾಡುವುದು ಕೈಬಂದ ವಿದ್ಯೆ.

ಅವಳು ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತ, “ನಾ ಸೇರತೀನಿ. ಆದರ ಹುಡುಗ್ರ ನಡುವ ಒಬ್ಬಾಕೀನ ಕೂಡಂಗಿಲ್ಲ. ನೀವೂ ಸೇರಬೇಕು,” ಎಂದಳು. ಹೆಂಡತಿ ಸಂತೆಗೆ ಬಾ ಎಂದರೆ ಚೀಲ ಹಿಡಿದು ಹೋಗುವ ಹಾಗೆ ನಾನು ಒಪ್ಪಿದೆ. ಕಾಲು ನೋವಿಗೆ ಜೊತೆ, ಅಷ್ಟೇ ಎಂದುಕೊಂಡೆ.

ಪಾಠ ಹೇಳುವವಳು ಧಾರವಾಡದಲ್ಲಿ ಕಲಿತು ಬಂದ ಹುಡುಗಿ. ನಮ್ಮ ಮಗಳಿಗಿಂತ ಚಿಕ್ಕವಳು. ಆಕೆ ಕೊಟ್ಟ ಅರ್ಜಿಯಲ್ಲಿ ಹೆಸರು, ವಯಸ್ಸು, ಶಾಲೆ ಮತ್ತು ತರಗತಿ ಎಂದೆಲ್ಲ ಕಾಲಮುಗಳಿದ್ದವು. ಕೊನೆಗೆ ‘ಪೋಷಕರ ಸಹಿ.’ ನಾನು ಪೆನ್ನು ಹಿಡಿದು ಯೋಚನೆಗೆ ಬಿದ್ದೆ. “ಅಂಕಲ್, ಒಬ್ಬರದ್ದಕ್ಕೆ ಒಬ್ಬರು ಹಾಕಿಬಿಡಿ,” ಎಂದಳು ಹುಡುಗಿ. ಹಾಗೆ ನಾನು ನನ್ನಾಕೆಗೂ, ನನ್ನಾಕೆ ನನಗೂ ಪೋಷಕರಾದೆವು. ನಲವತ್ತು ವರ್ಷದ ಸಂಸಾರದಲ್ಲಿ ಈ ವಿಷಯ ಲಿಖಿತವಾಗಿ ಇತ್ಯರ್ಥವಾದದ್ದು ಅದೇ ಮೊದಲು.

“ಯಾವ ಪದ್ಧತಿ? ಕರ್ನಾಟಕವೋ ಹಿಂದುಸ್ತಾನಿಯೋ?” ಎಂದು ಹುಡುಗಿ ಕೇಳಿದಳು. ಇದು ನಮ್ಮ ಸೀಮೆಯಲ್ಲಿ ಮಾತ್ರ ಸಹಜವಾಗಿ ಬರುವ ಪ್ರಶ್ನೆ. ಇಲ್ಲಿಗೆ ಸಮೀಪದ ಹರಿಹರದಲ್ಲಿ ತುಂಗಭದ್ರೆ ಹರಿಯುತ್ತಾಳೆ. 1956ರಲ್ಲಿ ಕನ್ನಡ ನಾಡು ಒಂದಾಗುವ ಮುನ್ನ ಹೊಳೆಯ ಆಚೆ ಮುಂಬಯಿ ರಾಜ್ಯ, ಈಚೆ ಮೈಸೂರು. ಸಂಗೀತವೂ ಸುಮಾರಾಗಿ ಆ ಹೊಳೆಯನ್ನೇ ಗಡಿಯಾಗಿ ಮಾಡಿಕೊಂಡಿತ್ತು: ಆಚೆ ತಬಲ, ಈಚೆ ಮೃದಂಗ. ಮೈಸೂರಿನ ಅರಮನೆಗೆ ಹೋಗಿಬರುತ್ತಿದ್ದ ಉತ್ತರದ ಉಸ್ತಾದರು ದಾರಿಯಲ್ಲಿ ಧಾರವಾಡದ ಕಡೆ ತಂಗಿದ್ದರಿಂದ ಅಲ್ಲಿ ಹಿಂದುಸ್ತಾನಿ ಬೇರೂರಿತೆಂದು ತಿಳಿದವರು ಹೇಳುತ್ತಾರೆ. ಅಬ್ದುಲ್ ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಉಸ್ತಾದರನ್ನು ಹೊತ್ತ ರೈಲು ನಮ್ಮ ಊರಿನ ಮೇಲೆಯೇ ಹೋಗಿರಬೇಕು. ನಮ್ಮವರು ಅವರನ್ನು ಇಳಿಸಿಕೊಳ್ಳಲಿಲ್ಲ, ಅಷ್ಟೆ. ಹರಿಹರದ ಗುಡಿಯಲ್ಲಿ, ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದರಲ್ಲಿ, ಹರಿಯೂ ಹರನೂ ಒಂದೇ ಮೈಯಲ್ಲಿ ನಿಂತಿದ್ದಾರೆ. ನಮ್ಮ ಶಾಲೆಯದೂ ಅದೇ ಉಪಾಯ. ಸೋಮವಾರ ಬುಧವಾರ ಕರ್ನಾಟಕ; ಮಂಗಳವಾರ ಗುರುವಾರ ಹಿಂದುಸ್ತಾನಿ; ಭಾನುವಾರ ಬೆಳಿಗ್ಗೆ ಗೆಜ್ಜೆಯ ಸದ್ದಿನಲ್ಲಿ ಎರಡೂ ಕೇಳಿಸುವುದಿಲ್ಲ.

“ಹಿಂದುಸ್ತಾನಿ,” ಎಂದಳು ನನ್ನಾಕೆ, ನಾನು ಬಾಯಿ ತೆರೆಯುವ ಮೊದಲೇ.

“ಅಮ್ಮಾ, ನೀವು ಮೊದಲು ಹಾಡ್ತಿದ್ರಾ?”

“ಹಾಡತಿದ್ದೆ.”

“ಬಿಟ್ಟು ಎಷ್ಟು ವರ್ಷ ಆಯ್ತು?”

“ಮೂವತ್ತೆಂಟು.”

ಲೆಕ್ಕ ಹಾಕದೆ, ಮೇಲೆ ನೋಡದೆ, ಮನೆಯ ಬಾಗಿಲ ಸಂಖ್ಯೆ ಹೇಳುವ ಹಾಗೆ ಹೇಳಿದಳು. ಮದುವೆಯಾಗಿ ನಲವತ್ತೊಂದು ವರ್ಷ. ಹಾಗಾದರೆ ಬಿಟ್ಟದ್ದು ಮದುವೆಯಾದಾಗಲ್ಲ. ಮೂರು ವರ್ಷದ ಮೇಲೆ. 1986. ಮೆಟ್ಟಿಲಿಳಿಯುತ್ತ ನಾನು ಬೆರಳೆಣಿಸಿದೆ. ಮನೆಯ ಗೇಟು ತೆರೆಯುವ ಹೊತ್ತಿಗೆ ನೆನಪಾಯಿತು.

ಆಗ ಇದೇ ಊರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಮ್ಮ ಕಚೇರಿಯ ಮೇಲಧಿಕಾರಿಯೊಬ್ಬರು ಒಂದು ಮಧ್ಯಾಹ್ನ ಹೇಳದೆ ಬಂದರು. ಅವರಿಂದ ನನಗೊಂದು ಬಡ್ತಿಯ ಕಾಗದವಾಗಬೇಕಿತ್ತು. ನಾನು ಕುರ್ಚಿ ಒರೆಸಿ ಕೂರಿಸಿದೆ. ಒಳಗೆ ನನ್ನಾಕೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ರೊಟ್ಟಿ ಬಡಿಯುವಾಗ ಬಾಯಿ ಭೂಪ ಹಾಡುವುದು ರೂಢಿ. ಬಡಿತಕ್ಕೂ ಸ್ವರಕ್ಕೂ ಸರಿಹೊಂದುತ್ತಿತ್ತು. ಸಾಹೇಬರು ಏನೂ ಅಂದಿರಲಿಲ್ಲ; ಒಂದು ಸಲ ಒಳಬಾಗಿಲ ಕಡೆ ನೋಡಿದರು, ಅಷ್ಟೆ. ಮೆಚ್ಚಿ ನೋಡಿದರೋ ಏನೋ, ಇಂದಿಗೂ ತಿಳಿಯದು. ನಾನು ಎದ್ದು ಒಳಗೆ ಹೋಗಿ, “ನಾಚಿಕೆ ಆಗಲ್ವಾ? ನಾಟಕದೋರ ಮನೆ ಅಂದ್ಕೊಂಡಾರು. ಬಾಯಿ ಮುಚ್ಚು,” ಎಂದೆ. ಮೆಲ್ಲಗೆ ಹೇಳಿದೆನೆಂದು ನನ್ನ ಭಾವನೆ. ಹಾಡು ನಿಂತಿತು. ರೊಟ್ಟಿಯ ಸದ್ದು ಮಾತ್ರ ಬರುತ್ತಿತ್ತು. ಸಾಹೇಬರು ಊಟ ಮಾಡಿ ರೊಟ್ಟಿಯನ್ನು ಹೊಗಳಿ ಹೋದರು. ಬಡ್ತಿಯೂ ಬಂತು.

ಆಮೇಲೆ ಹಾಡು ಎಂದು ನಿಂತಿತೆಂಬುದನ್ನು ನಾನು ಗಮನಿಸಲೇ ಇಲ್ಲ. ಜಗಳವಾಗಿರಲಿಲ್ಲ, ಅತ್ತಿರಲಿಲ್ಲ, ಊಟಕ್ಕೆ ತಡವಾಗಿರಲಿಲ್ಲ. ಒಂದು ಮನೆಯಲ್ಲಿ ಗಡಿಯಾರ ನಿಂತರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಒಬ್ಬ ಹೆಂಗಸಿನ ಹಾಡು ನಿಂತರೆ ಗೊತ್ತಾಗುವುದಿಲ್ಲ. ಹಾರ್ಮೋನಿಯಂ ಅಟ್ಟಕ್ಕೆ ಹೋಯಿತು. ಮಕ್ಕಳ ಹಳೆಯ ಪುಸ್ತಕ ಅದರ ಮೇಲೆ ಕುಳಿತವು. ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗೆ ಹಾಕಿ, 1971ರವರೆಗೆ ಹತ್ತಿರ ಸೇರಿಸಲಿಲ್ಲವೆಂದು ಸಂಗೀತಗಾರರು ಈಗಲೂ ದೂರುತ್ತಾರೆ. ಮೂವತ್ತೊಂದು ವರ್ಷ! ನಮ್ಮ ಮನೆಯ ಬಹಿಷ್ಕಾರ ಅದಕ್ಕಿಂತ ಏಳು ವರ್ಷ ಹೆಚ್ಚಿನದೆಂದು ಯಾರಿಗೆ ಹೇಳಲಿ?

ಪೆಟ್ಟಿಗೆಯನ್ನು ಇಳಿಸಿದಾಗ ಅದರ ತಿದಿಯನ್ನು ಇಲಿ ತಿಂದಿತ್ತು. ನಾಲ್ಕು ಮನೆಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ. ರಿಪೇರಿಯವನು ಹೇಳಿದ ಹಣವನ್ನು ನಾನು ಚೌಕಾಶಿ ಮಾಡದೆ ಕೊಟ್ಟದ್ದನ್ನು ಕಂಡು ನನ್ನಾಕೆಗೆ ಅನುಮಾನವಾಯಿತು. ಆದರೆ ಏನೂ ಕೇಳಲಿಲ್ಲ.

ಮೊದಲ ದಿನದ ಪಾಠದಲ್ಲಿ ನಾವು ಹದಿಮೂರು ಜನ. ಹನ್ನೊಂದು ಮಂದಿಯ ಒಟ್ಟು ವಯಸ್ಸು ನಮ್ಮಿಬ್ಬರ ವಯಸ್ಸಿಗಿಂತ ತುಸು ಕಡಮೆ ಇದ್ದೀತು. ಜಮಖಾನೆಯ ಮೇಲೆ ಕೂರಲು ನನಗೆ ಒಂದು ನಿಮಿಷ, ಏಳಲು ಎರಡು ನಿಮಿಷ. ಪಕ್ಕದಲ್ಲಿದ್ದ ಹುಡುಗಿ, ಮೂರನೆಯ ಕ್ಲಾಸಿನವಳು, “ಅಜ್ಜ, ನಿಮ್ಮ ಪುಸ್ತಕ ಎಲ್ಲಿ?” ಎಂದು ಕೇಳಿ, ತನ್ನದರಿಂದ ಒಂದು ಹಾಳೆ ಹರಿದುಕೊಟ್ಟಳು. ಅವಳು ನಮಗಿಂತ ಎರಡು ತಿಂಗಳು ಹಿರಿಯಳು. ಆ ಗೌರವವನ್ನು ನಾವು ಕೊಡಲೇಬೇಕು.

ಕರ್ನಾಟಕ ಪದ್ಧತಿಯಲ್ಲಿ ಮೊದಲ ಪಾಠ ಮಾಯಾಮಾಳವಗೌಳದಲ್ಲಿ. ಪುರಂದರದಾಸರು ಹಾಕಿಕೊಟ್ಟ ದಾರಿಯೆಂಬ ನಂಬಿಕೆ. ಹಿಂದುಸ್ತಾನಿಯಲ್ಲಿ ಶುದ್ಧಸ್ವರಗಳ ಬಿಲಾವಲದಿಂದ ಹೊರಡುತ್ತಾರೆ. ಎರಡಕ್ಕೂ ಮೊದಲು ‘ಸಾ’ ಹಿಡಿಯಬೇಕು. ಹಿಡಿಯುವುದು ಎಂಬ ಮಾತು ಎಷ್ಟು ಸರಿಯೆಂದು ಅಂದು ತಿಳಿಯಿತು. ಕೋಳಿಮರಿಯ ಹಾಗೆ ಅದು ಕೈಗೆ ಸಿಕ್ಕಿತೆನ್ನುವಾಗಲೇ ಜಾರುತ್ತದೆ. ಹುಡುಗಿ ನನ್ನ ಸ್ವರವನ್ನು ಪೆಟ್ಟಿಗೆಯ ಮೇಲೆ ಹುಡುಕಿ, “ಅಂಕಲ್‌ದು ಕರಿ ಒಂದು, ಅಮ್ಮಂದು ಕರಿ ನಾಲ್ಕು,” ಎಂದು ತೀರ್ಪು ಕೊಟ್ಟಳು. ಹಾಗೆಂದರೆ ಅವಳ ಷಡ್ಜ ನನ್ನ ಪಂಚಮ. ಇಬ್ಬರೂ ಕೂಡಿ ಹಾಡಬೇಕಾದರೆ ಅವಳು ಪಾತಾಳಕ್ಕಿಳಿಯಬೇಕು, ಇಲ್ಲವೆ ನಾನು ಕಿರುಚಬೇಕು. ಇಷ್ಟು ವರ್ಷ ಮನೆಯಲ್ಲಿ ಯಾರು ಯಾರ ಶ್ರುತಿಗೆ ಇಳಿದು ಬಾಳಿದರೆಂಬುದು ಹೊರಗಿನವರಿಗೆ ಹೇಳಬೇಕಾದ ವಿಷಯವಲ್ಲ.

ಅವಳ ಕಂಠ ಮೊದಲ ಎರಡು ವಾರ ಒಡೆದ ಕೊಳಲಿನಂತಿತ್ತು. ಮೇಲಿನ ಸಾ ಮುಟ್ಟುವಾಗ ಗಾಳಿ ಮಾತ್ರ ಬರುತ್ತಿತ್ತು. ಮಕ್ಕಳು ನಗಲಿಲ್ಲ, ಕಣ್ಣರಳಿಸಿ ನೋಡಿದವು. ಒಂದು ಸಂಜೆ ಪಾಠದ ನಡುವೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸುಮ್ಮನೆ ಕುಳಿತಳು. “ದಿನಾ ಬೆಳಿಗ್ಗೆ ಬರೀ ಕೆಳಗಿನ ಸಾ ಹಿಡೀರಿ ಅಮ್ಮಾ. ಕಳೆದುಹೋಗಿಲ್ಲ, ತುಕ್ಕು ಹಿಡಿದಿದೆ ಅಷ್ಟೆ,” ಎಂದಳು ಹುಡುಗಿ. ಆ ಮಾತಿಗೆ ನಾನು ಆಕೆಗೆ ಮನಸ್ಸಿನಲ್ಲಿಯೇ ಕೈಮುಗಿದೆ. ಮರುದಿನದಿಂದ ನಮ್ಮ ಮನೆಯಲ್ಲಿ ಐದೂವರೆಗೆ ಸಾ ಆರಂಭವಾಯಿತು. ನೆರೆಯವರು, “ಕಚೇರಿ ಯಾವಾಗ, ಸಾರ್?” ಎಂದು ಕೇಳತೊಡಗಿದ್ದು ಆಗಲೇ.

ಮೂರನೆಯ ತಿಂಗಳು ಭೂಪ ರಾಗ ಬಂತು. ಸ, ರಿ, ಗ, ಪ, ದ ಐದೇ ಸ್ವರ; ಮಧ್ಯಮ ನಿಷಾದಗಳಿಲ್ಲ. ಕರ್ನಾಟಕದಲ್ಲಿ ಇದನ್ನೇ ಹೋಲುವುದು ಮೋಹನ. ಹುಡುಗಿ ಇದನ್ನೆಲ್ಲ ಮಕ್ಕಳಿಗೆ ವಿವರಿಸುತ್ತಿದ್ದಾಗ ನನ್ನಾಕೆ ನನ್ನ ಕಡೆ ತಿರುಗದೆಯೇ ಮೆಲ್ಲಗೆ, “ಭೂಪದಾಗ ಮ-ನಿ ಇಲ್ಲ, ನಮ್ಮ ಮನಿಯಾಗ ಭೂಪ ಇರಲಿಲ್ಲ,” ಎಂದಳು. ಮಕ್ಕಳಿಗೆ ಅರ್ಥವಾಗಲಿಲ್ಲ. ಹುಡುಗಿ ನಕ್ಕಳು. ನಾನೂ ನಕ್ಕೆ, ನಕ್ಕದ್ದು ಸಾಲದೆನ್ನಿಸಿತು. ಆಮೇಲೆ ಅವಳು ಹಾಡಿದಳು. ಸ್ವರ ನಡುಗುತ್ತಿತ್ತು, ಆದರೂ ಎಲ್ಲಿಗೆ ಹೋಗಬೇಕೆಂಬುದು ಅದಕ್ಕೆ ಗೊತ್ತಿತ್ತು. ರೊಟ್ಟಿಯ ಹಿಟ್ಟಿನ ವಾಸನೆ ಸಮೇತ ಆ ಹಳೆಯ ಮಧ್ಯಾಹ್ನ ನನ್ನ ಎದುರಿಗೆ ಬಂದು ಕುಳಿತಿತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಹಿಂದೆ ಸಂಗೀತ ಕಲಿಯಬೇಕಾದರೆ ಉಸ್ತಾದರ ಮನೆಯಲ್ಲಿ ಹುಟ್ಟಬೇಕಿತ್ತು, ಇಲ್ಲವೆ ವರ್ಷಗಟ್ಟಲೆ ಅವರ ಸೇವೆ ಮಾಡಬೇಕಿತ್ತು. 1901ರ ಮೇ 5ರಂದು ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ರಾಜರ ಆಶ್ರಯದಿಂದಲ್ಲ, ಸಾರ್ವಜನಿಕರ ಹಣದಿಂದ. ಯಾರು ಬೇಕಾದರೂ ಬಂದು ಕಲಿಯುವಂತೆ. ಗೊತ್ತಾದ ಪಾಠ, ಗೊತ್ತಾದ ವೇಳೆ, ಗೊತ್ತಾದ ಪರೀಕ್ಷೆ. ಇದರಿಂದ ದೊಡ್ಡ ಗಾಯಕರು ಹುಟ್ಟುವುದಿಲ್ಲವೆಂದು ಆಕ್ಷೇಪಿಸಿದವರಿದ್ದಾರೆ. ಇರಬಹುದು. ಆದರೆ ಆ ಬಾಗಿಲು ದೊಡ್ಡ ಗಾಯಕರಿಗಾಗಿ ಮಾತ್ರ ತೆರೆದದ್ದಲ್ಲ. ಗುಮಾಸ್ತನ ಹೆಂಡತಿಯೊಬ್ಬಳು ತಿಂಗಳಿಗೆ ಐನೂರು ರೂಪಾಯಿ ಕೊಟ್ಟು, ಯಾರ ಅಪ್ಪಣೆಯನ್ನೂ ಕೇಳದೆ, ತನ್ನ ಹೆಸರನ್ನು ಹಾಜರಿಯಲ್ಲಿ ಕೂಗಿಸಿಕೊಳ್ಳಬಹುದು. ಮೊದಲ ದಿನ ಹುಡುಗಿ ಹಾಜರಿ ಕರೆದಾಗ ನನ್ನಾಕೆ “ಇದ್ದೇನೆ” ಎಂದ ರೀತಿಯನ್ನು ನಾನು ಮರೆಯಲಾರೆ. ಪಡಿತರದ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅವಳ ಹೆಸರನ್ನು ಕೂಗಿದ್ದನ್ನು ಕೇಳಿದ್ದೇನೆ. ಅಲ್ಲೆಲ್ಲ ‘ಬಂದೆ’ ಎನ್ನುತ್ತಿದ್ದಳು.

ನನ್ನ ಪ್ರಗತಿಯ ವಿಷಯ. ನಾಲ್ಕು ತಿಂಗಳಾದ ಮೇಲೆ ಹುಡುಗಿ ಬಹಳ ಸಂಕೋಚದಿಂದ, “ಅಂಕಲ್, ನೀವು ತಾಳ ಹಿಡೀತೀರಾ?” ಎಂದು ಕೇಳಿದಳು. ಹಾಡಬೇಡಿ ಎಂಬುದನ್ನು ಇದಕ್ಕಿಂತ ಮರ್ಯಾದೆಯಿಂದ ಹೇಳುವುದು ಸಾಧ್ಯವಿಲ್ಲ. ಮೂವತ್ತೆಂಟು ವರ್ಷದ ಹಿಂದೆ ನನಗೂ ಇಂಥ ಒಂದು ಮಾತು ಹೊಳೆದಿದ್ದರೆ! ತೀನ್‌ತಾಲಕ್ಕೆ ಹದಿನಾರು ಮಾತ್ರೆ. ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ. ಒಂಬತ್ತಕ್ಕೆ ಕೈಯನ್ನು ಸುಮ್ಮನೆ ಆಚೆ ಬೀಸುವುದು. ಅದರ ಹೆಸರು ಖಾಲಿ. ಸದ್ದಿಲ್ಲವೆಂದು ಅದನ್ನು ಬಿಟ್ಟು ಮುಂದೆ ಹೋದರೆ ಹಾಡುವವರು ದಿಕ್ಕು ತಪ್ಪುತ್ತಾರೆ, ಅದನ್ನೂ ಎಣಿಸಲೇಬೇಕು. ನಾನು ಮೊದಮೊದಲು ತಪ್ಪುತ್ತಿದ್ದುದು ಅಲ್ಲಿಯೇ.

ಒಂದು ಗುರುವಾರ ಪಾಠ ಮುಗಿಸಿ ಬರುವಾಗ, ಬಸವೇಶ್ವರನ ಗುಡಿಯ ಹತ್ತಿರ ಬೀದಿದೀಪ ಕೆಟ್ಟಿತ್ತು. ಕತ್ತಲಲ್ಲಿ ಮುಖ ಕಾಣುವುದಿಲ್ಲವೆಂಬ ಧೈರ್ಯದಿಂದ ಹೇಳಿದೆ: “ಆ ಸಾಹೇಬರು ಊಟಕ್ಕೆ ಬಂದ ದಿನ ನಾನು ಹಾಗೆ ಅನ್ನಬಾರದಿತ್ತು.”

ಅವಳು ಯಾವ ಸಾಹೇಬರು, ಯಾವ ದಿನ ಎಂದು ಕೇಳಲಿಲ್ಲ. ಹತ್ತು ಹೆಜ್ಜೆ ನಡೆದ ಮೇಲೆ, “ಅನ್ನಬಾರದಿತ್ತು,” ಎಂದಳು. ಇನ್ನಷ್ಟು ದೂರ ಹೋದ ಮೇಲೆ, “ನಾನೂ ಬಿಡಬಾರದಿತ್ತು. ಸಿಟ್ಟಿಗೆ ಬಿಟ್ಟೆ. ನೀವು ಕೇಳತೀರಿ, ಯಾಕ ಹಾಡವಲ್ಲಿ ಅಂತ ಕೇಳತೀರಿ ಅಂತ ಕಾದೆ. ನೀವು ಕೇಳಲಿಲ್ಲ. ಆಮ್ಯಾಲ ಸಿಟ್ಟೂ ಹೋತು, ಹಾಡೂ ಹೋತು,” ಎಂದಳು.

ನಾನು ಏನು ಹೇಳಲಿ? ಮಂಡಕ್ಕಿ ಗಾಡಿಯವನು ಮೆಣಸಿನಕಾಯಿ ಕರಿಯುತ್ತಿದ್ದ. ಬೇಕೇ ಎಂದು ಕೇಳಿದೆ. “ಎಣ್ಣೀದು ಬ್ಯಾಡ, ಗಂಟಲು ಕೆಡತದ,” ಎಂದಳು. ಆ ಗಂಟಲಿಗೆ ಈಗ ಅವಳೇ ಕಾವಲಿದ್ದಾಳೆಂದು ನನಗೆ ಸಂತೋಷವಾಯಿತು.

ಪ್ರಾರಂಭಿಕ ಪರೀಕ್ಷೆಗೆ ಮತ್ತೊಮ್ಮೆ ಹಣ ಕಟ್ಟಿದ್ದಾಳೆ. ಈ ಸಲ ಮುಹೂರ್ತವೇನೂ ಅಡ್ಡ ಬರಲಾರದು. ಮೊನ್ನೆ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ನನ್ನ ಕೈಯನ್ನು ನೋಡಿ, “ಇವತ್ತಾದರೂ ಒಂಬತ್ತನೇದು ತಪ್ಪಬ್ಯಾಡ್ರಿ,” ಎಂದಳು. ನಾನು ದಾರಿಯುದ್ದಕ್ಕೂ ತೊಡೆಯ ಮೇಲೆ ಬೆರಳಿಟ್ಟು ಎಣಿಸಿಕೊಂಡೇ ಹೋದೆ.